ಕಟ್ಟಡ ಬರೆದವರ ಹೆಸರು ಸರಿ, ಬರೆಸಿದವರ ಹೆಸರೆಲ್ಲಿ?

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಭಾನುವಾರದ ಪುರವಣಿಯಲ್ಲಿ ಡೆನ್ಮಾರ್ಕಿನ ‘ಬಿಗ್’ ಎಂಬ ವಾಸ್ತುಶಿಲ್ಪ ಸಂಸ್ಥೆಯ ಬಗ್ಗೆ ಲೇಖನ ಬಂದಿತ್ತು. ಕಸ ಸುಡುವ ಕಾರ್ಖಾನೆಯ ಚಾವಣಿ ಮೇಲೆ ಜನ ಸ್ಕೀ ಮಾಡುವ ಫೋಟೋ ದೊಡ್ಡದಾಗಿ ಹಾಕಿದ್ದೀರಿ. ಫೋಟೋ ಚೆನ್ನಾಗಿತ್ತು. ಆದರೆ ಲೇಖನ ಓದಿದರೆ ಬ್ಯಾರ್ಕ ಇಂಗೆಲ್ಸ್ ಎಂಬ ಒಬ್ಬರು ಬೆಳಿಗ್ಗೆ ಪೆನ್ಸಿಲ್ ಹಿಡಿದರು, ಸಂಜೆಯೊಳಗೆ ಕೋಪನ್‌ಹೇಗನ್ ಎದ್ದು ನಿಂತಿತು ಅನ್ನಿಸುತ್ತದೆ. ಕೊನೆಯ ಸಾಲಿನಲ್ಲಿ ‘ನಮ್ಮಲ್ಲಿ ಇಂಥವರು ಯಾಕೆ ಹುಟ್ಟುವುದಿಲ್ಲ’ ಎಂದು ಬೇರೆ ಕೇಳಿದ್ದಾರೆ. ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಬೇಕಾದರೆ ಕತ್ತರಿಸಿ ಹಾಕಿ.

ನಾನು ಲೋಕೋಪಯೋಗಿ ಇಲಾಖೆಗೆ ಟ್ರೇಸರ್ ಆಗಿ ಸೇರಿ, ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತಳಾದವಳು. ಹೆಂಗಸಾದರೂ ಹುದ್ದೆಯ ಹೆಸರು ಅದೇ. ಟ್ರೇಸಿಂಗ್ ಬಟ್ಟೆಯ ಮೇಲೆ ಇಂಕಿನಲ್ಲಿ ಗೆರೆ ಎಳೆದು, ತಪ್ಪಾದರೆ ಬ್ಲೇಡಿನಿಂದ ಕೆರೆದು, ಅಮೋನಿಯಾ ವಾಸನೆಯಲ್ಲಿ ಪ್ರಿಂಟ್ ತೆಗೆಸಿದ ಕಾಲದವರು ನಾವು. ತಾಲ್ಲೂಕು ಕಚೇರಿ, ಪ್ರವಾಸಿ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಾಸ್ಟೆಲ್ಲು ಇಂಥವನ್ನೇ ಬರೆದಿದ್ದೇನೆ. ಬಹುಮಾನ ಬರುವ ಕಟ್ಟಡ ಒಂದೂ ಇಲ್ಲ. ಆದರೆ ಒಂದು ನಕ್ಷೆ ಸಾಹೇಬರ ಮೇಜಿನಿಂದ ಹೊರಟು ಗುತ್ತಿಗೆದಾರನ ಕೈಗೆ ಹೋಗುವಷ್ಟರಲ್ಲಿ ಅದರ ಮೇಲೆ ಎಷ್ಟು ಕೈ ಆಡಿರುತ್ತವೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ಮಗಳು, ಅಳಿಯ ಕೋಪನ್‌ಹೇಗನ್ನಿನ ಓರೆಸ್ಟಾಡ್ ಬಡಾವಣೆಯಲ್ಲಿದ್ದಾರೆ. ಮೊಮ್ಮಗನ ಬಾಣಂತನಕ್ಕೆ ಹೋದವಳು ಅಲ್ಲಿ ಒಂದಷ್ಟು ಕಾಲ ಇದ್ದೆ. ಆ ಸಂಸ್ಥೆಯ ಮೊದಮೊದಲ ಮನೆಗಳೆಲ್ಲ ಅದೇ ಬಡಾವಣೆಯಲ್ಲಿವೆ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅವುಗಳ ಸುತ್ತ ಓಡಾಡಿದ್ದೇ ನನ್ನ ಪ್ರವಾಸ. ಚಳಿಗೆ ಮೂಗು ಕೆಂಪಾದರೂ ಹೋಗುತ್ತಿದ್ದೆ. ಅಳಿಯನಿಗೆ ಆಶ್ಚರ್ಯ. ‘ಅತ್ತೆ, ಎಲ್ಲರೂ ಪುಟ್ಟ ಮತ್ಸ್ಯಕನ್ಯೆ ವಿಗ್ರಹ ನೋಡೋಕೆ ಹೋಗ್ತಾರೆ, ನೀವು ಪಾರ್ಕಿಂಗ್ ನೋಡೋಕೆ ಹೋಗ್ತೀರಲ್ಲ’ ಎನ್ನುತ್ತಿದ್ದ.

ಪಾರ್ಕಿಂಗ್ ಅಂದರೆ ಬರೀ ಪಾರ್ಕಿಂಗ್ ಅಲ್ಲ. 2008ರಲ್ಲಿ ಮುಗಿದ ಅದನ್ನು ಅಲ್ಲಿನವರು ‘ಬೆಟ್ಟ’ ಎಂದೇ ಕರೆಯುತ್ತಾರೆ. ಕಟ್ಟಿಸುವವರು ಕೇಳಿದ್ದು ಎರಡು ಬೇರೆ ಬೇರೆ ಕಟ್ಟಡ. ಒಂದು ಕಾರು ನಿಲ್ಲಿಸಲು, ಇನ್ನೊಂದು ಜನ ಇರಲು. ಇವರು ಕಾರಿನ ಕಟ್ಟಡವನ್ನೇ ಇಳಿಜಾರಾಗಿ ಮಾಡಿ, ಅದರ ಬೆನ್ನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ 80 ಮನೆ ಕೂರಿಸಿದರು. ಕೆಳಗೆ 480 ಕಾರು. ಒಬ್ಬರ ಚಾವಣಿ ಮೇಲಿನವರ ತೋಟ. ಪ್ರತಿ ಮನೆಗೂ ಬಿಸಿಲು, ಪ್ರತಿ ಮನೆಗೂ ಮಣ್ಣು. ಕಾರು ನಿಲ್ಲಿಸುವ ಗೋಡೆಗೆ ಗಾಳಿ ಬೇಕಲ್ಲ, ಅದಕ್ಕೆ ಅಲ್ಯೂಮಿನಿಯಂ ತಗಡಿಗೆ ಸಣ್ಣ, ದೊಡ್ಡ ತೂತು ಹೊಡೆದಿದ್ದಾರೆ. ದೂರದಿಂದ ನೋಡಿದರೆ ಆ ತೂತುಗಳೇ ಸೇರಿ ಹಿಮಾಲಯದ ಚಿತ್ರ ಆಗುತ್ತದೆ. ಗಾಳಿಯಾಡಲು ಹೇಗೂ ಹೊಡೆಯಲೇಬೇಕಾದ ತೂತು, ಅದರಲ್ಲೇ ಚಿತ್ರ. ಈ ಜಾಣತನ ನನಗೆ ತುಂಬ ಹಿಡಿಸಿತು.

ಇನ್ನೊಂದು ಮನೆಗಳ ಸಮೂಹ ಬಡಾವಣೆಯ ತೆಂಕಣ ತುದಿಯಲ್ಲಿದೆ. ಮೆಟ್ರೊ ಕೊನೆಯಾಗುವ ವೆಸ್ಟಮಾಗರ್ ನಿಲ್ದಾಣದಲ್ಲಿ ಇಳಿದು ನಡೆಯಬೇಕು. ಮೇಲಿನಿಂದ ನೋಡಿದರೆ ಎಂಟರ ಆಕಾರ, ಹಾಗಾಗಿ ಅದು ‘ಎಂಟರ ಮನೆ’. 2010ರಲ್ಲಿ ಮುಗಿಯಿತು. 476 ಮನೆ, ಕೆಳಗೆ ಕಚೇರಿ, ಅಂಗಡಿ. ನೆಲದಿಂದ ಹತ್ತನೇ ಮಹಡಿಯವರೆಗೆ ಒಂದು ದಾರಿ ಸುತ್ತಿ ಸುತ್ತಿ ಹೋಗುತ್ತದೆ. ಮೆಟ್ಟಿಲಿಲ್ಲ, ರ‍್ಯಾಂಪು. ಸೈಕಲ್ ಹತ್ತಿಸಿಕೊಂಡು ಮನೆ ಬಾಗಿಲಿಗೇ ಹೋಗಬಹುದು. ನಾನು ತಳ್ಳುಗಾಡಿ ತಳ್ಳಿಕೊಂಡೇ ಹತ್ತಿದೆ. ನಡುವೆ ಮಂಡಿ ಹಿಡಿದುಕೊಂಡಾಗ ನಿಂತು ನೋಡಿದರೆ ದಾರಿಯ ಪಕ್ಕ ಸಾಲು ಮನೆಗಳು, ಪ್ರತಿ ಮನೆ ಮುಂದೆ ಕುಂಡ, ಮಕ್ಕಳ ಬೂಟು, ಒಂದು ಕುರ್ಚಿ. ಏಳನೇ ಮಹಡಿಯಲ್ಲಿ ಹಳ್ಳಿಯ ಬೀದಿ ಇದ್ದ ಹಾಗೆ! ಆಚೆ ಬಯಲಿನಲ್ಲಿ ದನ ಮೇಯುತ್ತಿದ್ದವು.

ಅದರ ನೈಋತ್ಯ ಮೂಲೆಯನ್ನು ನೆಲದವರೆಗೆ ತಗ್ಗಿಸಿ, ಈಶಾನ್ಯ ಮೂಲೆಯನ್ನು ಎತ್ತಿದ್ದಾರೆ. ನಮ್ಮ ವಾಸ್ತು ಪಂಡಿತರು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ. ನಮ್ಮಲ್ಲಿ ಕಟ್ಟುವಾಗ ನೈಋತ್ಯ ಎತ್ತರ, ಈಶಾನ್ಯ ತಗ್ಗು ಇರಬೇಕು ಅಂತಾರಲ್ಲ, ಇದು ಪೂರ್ತಿ ತಿರುವುಮುರುವು. ಆದರೆ ಅಲ್ಲಿನ ಸೂರ್ಯ ಮಧ್ಯಾಹ್ನವೂ ತೆಂಕಣ ದಿಕ್ಕಿನಲ್ಲಿ ತಗ್ಗಿನಲ್ಲೇ ಓಡಾಡುತ್ತಾನೆ. ಚಳಿಗಾಲದಲ್ಲಂತೂ ಮೂರೂವರೆ, ನಾಲ್ಕಕ್ಕೆಲ್ಲ ಕತ್ತಲು. ಆ ಮೂಲೆ ತಗ್ಗಿಸದಿದ್ದರೆ ಒಳಗಿನ ಅಂಗಳಕ್ಕೆ ಬಿಸಿಲೇ ಬೀಳುತ್ತಿರಲಿಲ್ಲ.

ಹೊಗಳಿಕೆ ಇಲ್ಲಿಗೆ ಸಾಕು. ಈಗ ನನ್ನ ತಕರಾರಿಗೆ ಬರುತ್ತೇನೆ.

ಈ ಮನೆಗಳು ನಿಂತ ಜಾಗ ಎಲ್ಲಿಂದ ಬಂತು? ಓರೆಸ್ಟಾಡ್ ಎನ್ನುವುದು ಅಮಾಗರ್ ದ್ವೀಪದಲ್ಲಿ ಖಾಲಿ ಬಿದ್ದಿದ್ದ ಸರ್ಕಾರಿ ಜಮೀನು. 1992ರಲ್ಲಿ ಕಾನೂನು ಮಾಡಿ, ಸರ್ಕಾರ ಮತ್ತು ನಗರಪಾಲಿಕೆ ಸೇರಿ ಒಂದು ನಿಗಮ ಮಾಡಿಕೊಂಡವು. ಜಮೀನು ಮಾರಿದ ದುಡ್ಡಲ್ಲಿ ಮೆಟ್ರೊ ಕಟ್ಟುವುದು ಅವರ ಲೆಕ್ಕ. ಮೆಟ್ರೊ 2002ರಲ್ಲಿ ಓಡಿತು. ಆಗ ಸುತ್ತ ಮನೆಗಳೇ ಇರಲಿಲ್ಲ. ರೈಲು ಮೊದಲು, ಜನ ಆಮೇಲೆ! ಜಮೀನು ಅಂದುಕೊಂಡಷ್ಟು ಬೇಗ ಮಾರಾಟವೂ ಆಗಲಿಲ್ಲ. ಅಂಥ ಬಯಲಿಗೆ ಮೊದಲು ಬಂದು ಮನೆ ಕಟ್ಟಿಸಿದ ಒಬ್ಬ ಬಿಲ್ಡರ್ ಹೆಸರಿಲ್ಲದ ಹುಡುಗರಿಗೆ ಕೆಲಸ ಕೊಟ್ಟ. ಖಾಲಿ ಜಾಗದಲ್ಲಿ ಏನಾದರೂ ಬೇರೆ ಥರ ಇದ್ದರೆ ತಾನೆ ಜನ ಬರುತ್ತಾರೆ? 2005ರಲ್ಲಿ ‘ವಿಎಂ ಮನೆಗಳು’ ಮುಗಿದವು, ಮೇಲಿನಿಂದ ನೋಡಿದರೆ ಇಂಗ್ಲಿಷಿನ ವಿ, ಎಂ ಅಕ್ಷರಗಳ ಆಕಾರ. ಅದರ ಬಾಲ್ಕನಿಗಳು ಮೊಸಳೆ ಹಲ್ಲಿನ ಹಾಗೆ ಚೂಪಾಗಿ ಗಾಳಿಗೆ ಚಾಚಿಕೊಂಡಿವೆ. ಅದು ಹಿಡಿಸಿತು ಅಂತಲೇ ಪಕ್ಕದ ಜಾಗದ ‘ಬೆಟ್ಟ’ವೂ ಇವರಿಗೇ ಬಂತು, ಮುಂದೆ ‘ಎಂಟರ ಮನೆ’ಯೂ ಬಂತು. ಒಬ್ಬ ಧೈರ್ಯ ಮಾಡಿ ಮೂರು ಸಲ ಕೆಲಸ ಕೊಟ್ಟಿದ್ದರಿಂದ ಒಂದು ಸಂಸ್ಥೆ ಕಾಲೂರಿತು. ಲೇಖನದಲ್ಲಿ ಆ ಮಾತೇ ಇಲ್ಲ.

ಆ ಹುಡುಗರ ಕಥೆಯನ್ನೂ ಸ್ವಲ್ಪ ಹೇಳಬೇಕು. ಇಂಗೆಲ್ಸ್ ಹುಟ್ಟಿದ್ದು 1974ರಲ್ಲಿ. ಚಿಕ್ಕಂದಿನಲ್ಲಿ ಕಾಮಿಕ್ಸ್ ಬರೆಯುವ ಆಸೆ. ಚಿತ್ರ ಕೈಗೆ ಹತ್ತಲಿ ಎಂದು ವಾಸ್ತುಶಿಲ್ಪ ಓದಲು ಸೇರಿದರಂತೆ. ಆಮೇಲೆ ನೆದರ್ಲೆಂಡಿನ ರಾಟರ್‌ಡ್ಯಾಮಿನಲ್ಲಿ ರೆಮ್ ಕೂಲ್‌ಹಾಸ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ. ಅಲ್ಲಿ ಸಿಕ್ಕ ಬೆಲ್ಜಿಯಂನ ಜೂಲಿಯನ್ ಡಿ ಸ್ಮೆಟ್ ಜೊತೆ 2001ರಲ್ಲಿ ಕೋಪನ್‌ಹೇಗನ್ನಿಗೆ ಬಂದು ‘ಪ್ಲಾಟ್’ ಎಂಬ ಕಚೇರಿ ತೆರೆದರು. ಆಗ ಇಬ್ಬರಿಗೂ ಇನ್ನೂ 30 ಆಗಿರಲಿಲ್ಲ. 2004ರಲ್ಲಿ ವೆನಿಸ್‌ನ ವಾಸ್ತುಶಿಲ್ಪ ಮೇಳದಲ್ಲಿ ‘ಚಿನ್ನದ ಸಿಂಹ’ ಎಂಬ ಬಹುಮಾನ ಬಂತು. ಯಾವುದಕ್ಕೆ? ನಾರ್ವೆಯ ಸ್ಟಾವಾಂಗರ್ ಊರಿಗೆ ಬರೆದ ಸಂಗೀತ ಭವನದ ನಕ್ಷೆಗೆ. ಆ ಭವನ ಮಾತ್ರ ಕಟ್ಟಲೇ ಇಲ್ಲ. 2005ರ ಕೊನೆಗೆ ಇಬ್ಬರೂ ಬೇರೆಯಾದರು. ಇಂಗೆಲ್ಸ್ ಶುರು ಮಾಡಿದ್ದೇ ‘ಬಿಗ್’. ಅಂದರೆ ಮೊದಲ ಹೆಸರು ತಂದುಕೊಟ್ಟ ಕಟ್ಟಡಗಳಲ್ಲಿ ಅರ್ಧ ಪಾಲು ಇನ್ನೊಬ್ಬರದು. ಡಿ ಸ್ಮೆಟ್ ಹೆಸರೂ ನಿಮ್ಮ ಲೇಖನದಲ್ಲಿಲ್ಲ.

‘ಪ್ಲಾಟ್’ ಕಾಲದ ಎರಡು ಸಣ್ಣ ಕೆಲಸ ನನಗೆ ದೊಡ್ಡ ಕಟ್ಟಡಗಳಿಗಿಂತ ಜಾಸ್ತಿ ಇಷ್ಟ. ಒಂದು, ಅಮಾಗರ್ ದ್ವೀಪದ ದಂಡೆಯಲ್ಲಿ 2004ರಲ್ಲಿ ಆದ, ದೋಣಿ ನಡೆಸುವ ಮಕ್ಕಳ ಮನೆ. ಜಾಗದ ಮಣ್ಣಿನಲ್ಲಿ ಲೋಹದ ವಿಷ ಇತ್ತು. ಮಣ್ಣು ತೆಗೆದು ಸಾಗಿಸಲು ಎಸ್ಟಿಮೇಟಿನಲ್ಲಿ ದೊಡ್ಡ ಮೊತ್ತ ಇಟ್ಟಿದ್ದರು. ಇವರು ಮಣ್ಣು ಮುಟ್ಟಲಿಲ್ಲ. ಇಡೀ ಜಾಗದ ಮೇಲೆ ಮರದ ಹಲಗೆ ಹಾಸಿ, ಅದನ್ನೇ ಅಲೆ ಅಲೆಯಾಗಿ ಎಬ್ಬಿಸಿದರು. ಕೆಳಗೆ ದೋಣಿ ಇಡುವ ಕೋಣೆ, ಮೇಲೆ ಮಕ್ಕಳು ಓಡಾಡುವ ದಿಬ್ಬ. ಮಣ್ಣು ಸಾಗಿಸುವ ದುಡ್ಡು ಹಲಗೆಗೆ ಹೋಯಿತು. ಇದನ್ನು ಕೇಳಿ ನಾನು ಮಗಳಿಗೆ ಹೇಳಿದೆ: ‘ನಮ್ಮಲ್ಲಾಗಿದ್ರೆ ಮಣ್ಣು ತೆಗೆಯೋ ಲೆಕ್ಕಶೀರ್ಷಿಕೆ ಬೇರೆ, ಹಲಗೆ ಹಾಸೋ ಲೆಕ್ಕಶೀರ್ಷಿಕೆ ಬೇರೆ. ಒಂದರ ದುಡ್ಡು ಇನ್ನೊಂದಕ್ಕೆ ಹಾಕಿದ್ರೆ ಆಡಿಟ್‌ನವರು ಬಿಡ್ತಾರಾ?’ ಅಲ್ಲಿ ಕೆಲಸ ಕೊಟ್ಟವರು ಆ ಬದಲಾವಣೆಗೆ ಒಪ್ಪಿದರು. ಒಪ್ಪದಿದ್ದರೆ ಆ ಜಾಣತನ ಫೈಲಿನಲ್ಲೇ ಉಳಿಯುತ್ತಿತ್ತು.

ಇನ್ನೊಂದು, ಇಸ್ಲಾಂಡ್ಸ್ ಬ್ರಿಗ್ಗೆ ಎಂಬಲ್ಲಿ ಬಂದರಿನ ನೀರಿನಲ್ಲೇ ಮಾಡಿರುವ ಈಜುಕೊಳ, 2003ರದ್ದು. ಬೇಸಿಗೆಯಲ್ಲಿ ಊರಿಗೆ ಊರೇ ಅಲ್ಲಿರುತ್ತದೆ. ಹಡಗಿನ ಮೂತಿಯಂಥ ಕಟ್ಟೆಯಿಂದ ಹುಡುಗರು ದುಮುಕುತ್ತಾರೆ. ಆದರೆ ಅದೇ ಬಂದರಿಗೆ ವರ್ಷಗಟ್ಟಲೆ ಕಾರ್ಖಾನೆ ನೀರು, ಮಳೆ ಬಂದಾಗ ಉಕ್ಕಿದ ಒಳಚರಂಡಿ ನೀರು ಎಲ್ಲ ಸೇರುತ್ತಿತ್ತು. ಕಾಲಿಡುವ ಹಾಗಿರಲಿಲ್ಲ. ತೊಂಬತ್ತರ ದಶಕದಿಂದ ಪಾಲಿಕೆ ಭೂಮಿಯೊಳಗೆ ದೊಡ್ಡ ತೊಟ್ಟಿಗಳನ್ನು ಕಟ್ಟಿತು. ಮಳೆ ಜೋರಾದಾಗ ಚರಂಡಿ ನೀರು ಅಲ್ಲಿ ನಿಲ್ಲುತ್ತದೆ, ಮಳೆ ನಿಂತ ಮೇಲೆ ಶುದ್ಧೀಕರಣಕ್ಕೆ ಹೋಗುತ್ತದೆ. ಅಷ್ಟಾದ ಮೇಲೆ ಈಜುಕೊಳ. ಆ ತೊಟ್ಟಿಗಳ ಫೋಟೋ ಯಾವ ಪತ್ರಿಕೆಯಲ್ಲಿ ಬರುತ್ತದೆ ಹೇಳಿ? ಒಳಚರಂಡಿ ನಕ್ಷೆ ಬರೆದ ಟ್ರೇಸರ್ ಅಲ್ಲೂ ಒಬ್ಬಳಿದ್ದಿರಬೇಕು ಅಲ್ವಾ, ಅವಳ ಪರವಾಗಿ ನಾನು ಕೇಳುತ್ತಿದ್ದೇನೆ.

ಈಗ ಕಸದ ಕಾರ್ಖಾನೆಗೆ ಬರೋಣ. ನಿಮ್ಮ ಲೇಖಕರು ‘ನಮ್ಮ ಊರಿನ ಕಸದ ಗುಡ್ಡದಲ್ಲೂ ಇಂಥದ್ದೊಂದು ಬರಲಿ’ ಎಂದಿದ್ದಾರಲ್ಲ, ಅದಕ್ಕೆ ಇದನ್ನು ಬಿಡಿಸಿ ಹೇಳಬೇಕು.

ಅಮಾಗರ್ ಬಾಕೆ ಎಂಬ ಆ ಕಾರ್ಖಾನೆ ಕೋಪನ್‌ಹೇಗನ್ ಮತ್ತು ಸುತ್ತಲಿನ ನಾಲ್ಕು, ಒಟ್ಟು ಐದು ಪಾಲಿಕೆಗಳಿಗೆ ಸೇರಿದ್ದು. ಅಲ್ಲೇ 1970ರಿಂದ ಒಂದು ಹಳೆಯ ಕಾರ್ಖಾನೆ ಓಡುತ್ತಿತ್ತು. ಅದು ಸವೆದು ಹೋಯಿತು, ಹೊಸದು ಬೇಕು ಎಂದು ಸ್ಪರ್ಧೆ ಕರೆದರು. 2011ರ ಆರಂಭದಲ್ಲಿ ‘ಬಿಗ್’ ಗೆದ್ದಿತು. ಒಳಗಿನ ಯಂತ್ರ ಯಾವುದು, ಎಲ್ಲಿ ಎನ್ನುವುದು ಎಂಜಿನಿಯರುಗಳ ಕೆಲಸ. ಇವರು ಆ ಯಂತ್ರಗಳನ್ನು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದರೆ ಚಾವಣಿ ತಾನಾಗಿಯೇ ಇಳಿಜಾರಾಗುತ್ತದೆ ಎಂದು ಕಂಡುಕೊಂಡರು. ಕುಳ್ಳ ಯಂತ್ರ ಒಂದು ತುದಿ, ಎತ್ತರದ ಬಾಯ್ಲರು ಇನ್ನೊಂದು ತುದಿ. ಆ ದೇಶದಲ್ಲಿ ಗುಡ್ಡವೇ ಇಲ್ಲ, ಅತಿ ಎತ್ತರದ ನೆಲವೇ ಸುಮಾರು 171 ಮೀಟರ್. ಸ್ಕೀ ಮಾಡಬೇಕಾದರೆ ಜನ ಸ್ವೀಡನ್ನಿಗೋ ನಾರ್ವೆಗೋ ಹೋಗಬೇಕು. ಹಾಗಾಗಿ 85 ಮೀಟರ್ ಎತ್ತರದ ಈ ಚಾವಣಿಗೆ ಹಸಿರು ಪ್ಲಾಸ್ಟಿಕ್ ಹಾಸು ಹಾಕಿ ಸ್ಕೀ ಜಾಗ ಮಾಡಿದರು. ಪಕ್ಕದಲ್ಲಿ ನಡೆಯುವ ದಾರಿ, ಗಿಡಗಳು, ಗೋಡೆಗೆ ಹತ್ತುವವರಿಗೆ ಹಿಡಿಕೆಗಳು. ಆ ಗಿಡ, ದಾರಿಯ ಕೆಲಸ ‘ಎಸ್‌ಎಲ್‌ಎ’ ಎಂಬ ಇನ್ನೊಂದು ಕಚೇರಿಯದು. ಕಾರ್ಖಾನೆ 2017ರಲ್ಲಿ ಶುರು, ಚಾವಣಿ 2019ರಲ್ಲಿ ತೆರೆಯಿತು. 2021ರಲ್ಲಿ ಜಗತ್ತಿನ ವರ್ಷದ ಕಟ್ಟಡ ಎಂಬ ಪ್ರಶಸ್ತಿಯೂ ಬಂತು.

ನಾನು ಲಿಫ್ಟಿನಲ್ಲಿ ಮೇಲೆ ಹೋಗಿ, ನಡೆದು ಇಳಿದೆ. ಲಿಫ್ಟಿನ ಗಾಜಿನಿಂದ ಒಳಗಿನ ಯಂತ್ರಗಳು ಕಾಣುತ್ತವೆ. ವಾಸನೆ ಇಲ್ಲವೇ ಇಲ್ಲ. ಮೇಲೆ ನಿಂತರೆ ಸಮುದ್ರದಲ್ಲಿ ಗಾಳಿಯಂತ್ರಗಳ ಸಾಲು, ಆಚೆ ಸ್ವೀಡನ್. ಒಪ್ಪಬೇಕಾದ್ದೇ, ಸೊಗಸಾಗಿದೆ.

ಆದರೆ ಫೋಟೋದಲ್ಲಿ ಕಾಣದ ಮಾತುಗಳಿವೆ. ಸ್ಪರ್ಧೆಯ ಚಿತ್ರಗಳಲ್ಲಿ ಚಿಮಣಿಯಿಂದ ಹೊಗೆಯ ಉಂಗುರ ಬರುತ್ತಿತ್ತು. ಒಂದು ಟನ್ ಇಂಗಾಲ ಹೊರಗೆ ಹೋದಾಗಲೆಲ್ಲ ಒಂದು ಉಂಗುರ, ನಾವೆಷ್ಟು ಸುಟ್ಟೆವು ಎಂದು ಊರಿಗೆ ಕಾಣಲಿ ಎಂಬ ಯೋಚನೆ. ಲೋಕವೆಲ್ಲ ಮೆಚ್ಚಿದ್ದೇ ಆ ಉಂಗುರವನ್ನು. ಅದು ಬರಲೇ ಇಲ್ಲ. ಎರಡನೆಯದು, ಕುಲುಮೆಯ ಗಾತ್ರ. ಇಷ್ಟು ದೊಡ್ಡದು ಬೇಕಾ ಎಂದು ಆಗಲೇ ಜಗಳ ನಡೆದಿತ್ತು. ಕಟ್ಟಿದ ಮೇಲೆ ಹೊಟ್ಟೆ ತುಂಬಬೇಕಲ್ಲ, ಹೊರದೇಶದಿಂದ ಕಸ ತರಿಸಿ ಸುಡುವ ಸ್ಥಿತಿ ಬಂತು. 2020ರಲ್ಲಿ ಅಲ್ಲಿನ ಸರ್ಕಾರವೇ, ದೇಶದಲ್ಲಿ ಕಸ ಸುಡುವ ಸಾಮರ್ಥ್ಯವನ್ನು ಶೇ 30ರಷ್ಟು ಕಡಿಮೆ ಮಾಡಬೇಕು ಎಂದು ತೀರ್ಮಾನಿಸಿತು. ಮೂರನೆಯದು, 2025ರೊಳಗೆ ಇಂಗಾಲಮುಕ್ತ ನಗರ ಆಗುತ್ತೇವೆ ಎಂದು ಕೋಪನ್‌ಹೇಗನ್ ಹೇಳಿಕೊಂಡಿತ್ತು. ಇದೇ ಚಿಮಣಿಯ ಇಂಗಾಲವನ್ನು ಹಿಡಿದಿಡುವ ಯೋಜನೆಯ ಮೇಲೆ ಆ ಲೆಕ್ಕ ನಿಂತಿತ್ತು. ಅದಕ್ಕೆ ಸರ್ಕಾರದ ದುಡ್ಡು ಸಿಗಲಿಲ್ಲ. 2022ರಲ್ಲಿ ಗುರಿ ಕೈಬಿಟ್ಟರು. ಚಾವಣಿ ಮೇಲೆ ಸ್ಕೀ ಮಾಡಿದ ಮಾತ್ರಕ್ಕೆ ಕೆಳಗಿನ ಬೆಂಕಿ ತಣ್ಣಗಾಗುವುದಿಲ್ಲ ನೋಡಿ.

ಇನ್ನು ನಮ್ಮ ಕಡೆಗೆ. ಅಲ್ಲಿನ ಕಸದಲ್ಲಿ ಕಾಗದ, ಪ್ಲಾಸ್ಟಿಕ್, ಮರ ಜಾಸ್ತಿ, ಒಣಗಿರುತ್ತದೆ, ಉರಿಯುತ್ತದೆ. ನಮ್ಮ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಸೊಪ್ಪು, ಸಿಪ್ಪೆ, ಮುಸುರೆ. ನೀರು ತುಂಬಿದ ಕಸ ಉರಿಸಲು ಹೊರಗಿನಿಂದ ಇಂಧನ ಹಾಕಬೇಕು. ಬಿಡದಿಯಲ್ಲಿ ಬೆಂಗಳೂರಿನ ಕಸದಿಂದ ವಿದ್ಯುತ್ ತೆಗೆಯಲು ನಮ್ಮ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಎಲ್ 11.5 ಮೆಗಾವಾಟಿನ ಘಟಕ ಕಟ್ಟಿದೆ. ಅಲ್ಲಿಗೂ ಬೇಕಾಗಿರುವುದು ಬೇರ್ಪಡಿಸಿದ ಒಣ ಕಸವೇ. ಇನ್ನೂ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಅಮಾಗರ್ ಬಾಕೆ ಬರೀ ವಿದ್ಯುತ್ ಮಾಡುವುದಿಲ್ಲ. ಬಿಸಿನೀರನ್ನು ಕೊಳವೆಯಲ್ಲಿ ಊರಿಗೆಲ್ಲ ಕಳಿಸುತ್ತದೆ, ಆ ಶಾಖದಲ್ಲಿ ಮನೆಗಳು ಬೆಚ್ಚಗಿರುತ್ತವೆ. ಮಗಳ ಮನೆ ಕಿಟಕಿ ಕೆಳಗಿನ ಕಬ್ಬಿಣದ ರೇಡಿಯೇಟರ್ ಅದೇ ಥರದ ಕೊಳವೆಯದು. ಆ ಶಾಖಕ್ಕೆ ಗಿರಾಕಿ ಇರುವುದರಿಂದಲೇ ಕಾರ್ಖಾನೆಯ ಲೆಕ್ಕ ಕೂಡುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಮನೆ ಬೆಚ್ಚಗಿಡಲು ಬಿಸಿನೀರು ಯಾರಿಗೆ ಬೇಕು ಸ್ವಾಮಿ?

ಅಂದಮೇಲೆ ಆ ಸಂಸ್ಥೆಯಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಹೆಲ್ಸಿಂಗೋರ್ ಊರಿಗೆ ರೈಲಿನಲ್ಲಿ ಹೋಗಿ ನೋಡಿದ ಹಡಗಿನ ಮ್ಯೂಸಿಯಂ ನನ್ನ ಮಟ್ಟಿಗೆ ಇವರ ಅತ್ಯುತ್ತಮ ಕೆಲಸ. ಪಕ್ಕದಲ್ಲೇ ಕ್ರೋನ್‌ಬೋರ್ಗ್ ಕೋಟೆ, ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಕಥೆ ನಡೆಯುವುದು ಅಲ್ಲೇ. ವಿಶ್ವ ಪರಂಪರೆಯ ತಾಣ, ಹಾಗಾಗಿ ಅದರ ಮುಂದೆ ನೆಲದ ಮೇಲೆ ಏನೂ ಎದ್ದು ಕಾಣಬಾರದು. ಹಳೆಯ ಕಾಲದ ಹಡಗು ರಿಪೇರಿ ಗುಂಡಿ ಒಂದಿತ್ತು. ಅದರೊಳಗೆ ಮ್ಯೂಸಿಯಂ ಮಾಡಿ ಎಂದು ಕರೆ ಕೊಟ್ಟಿದ್ದರು. ಇವರು ಗುಂಡಿಯನ್ನು ಖಾಲಿ ಬಿಟ್ಟು, ಅದರ ಗೋಡೆಗಳ ಹೊರಗೆ ಸುತ್ತಲೂ ನೆಲದಡಿ ಮ್ಯೂಸಿಯಂ ಬರೆದರು. ಗುಂಡಿಗೆ ಅಡ್ಡವಾಗಿ ಇಳಿಜಾರು ಸೇತುವೆ. ಕೆಳಗಿಳಿದು ನಿಂತರೆ ಹಡಗಿನ ಗಾತ್ರ ಎಷ್ಟಿರುತ್ತಿತ್ತು ಎಂದು ಮೈಗೆ ಗೊತ್ತಾಗುತ್ತದೆ. 2013ರಲ್ಲಿ ತೆರೆಯಿತು.

ನಮ್ಮಲ್ಲಾದರೆ ಕರೆಯಲ್ಲಿ ಹೇಳಿದ ಜಾಗ ಬಿಟ್ಟು ಬೇರೆ ಕಡೆ ಬರೆದ ಲಕೋಟೆ ‘ತಾಂತ್ರಿಕ ಬಿಡ್’ ಹಂತದಲ್ಲೇ ಹೊರಗೆ. ಅಲ್ಲಿನ ತೀರ್ಪುಗಾರರು ಕೂತು ಓದಿದರು, ಇದೇ ಸರಿ ಎಂದರು. ನಮ್ಮಲ್ಲಿ ಅಂಥ ಉತ್ತರ ಬರೆಯುವ ಹುಡುಗ, ಹುಡುಗಿಯರು ಬೇಕಾದಷ್ಟಿದ್ದಾರೆ. ಕಡಿಮೆ ದರ ಹಾಕಿದವನಿಗೇ ಕೆಲಸ ಎಂಬ ನಿಯಮದಲ್ಲಿ ನಕ್ಷೆಯನ್ನೂ ಸಿಮೆಂಟಿನ ಹಾಗೆ ಕೊಳ್ಳುವ ತನಕ ಅವರ ಲಕೋಟೆ ಯಾರೂ ಬಿಚ್ಚುವುದಿಲ್ಲ.

ಇನ್ನೊಂದು ಗುಣ ನಾನು ಒಪ್ಪಿಕೊಳ್ಳುತ್ತೇನೆ. ಇವರಿಗೆ ಹೇಳುವ ಕಲೆ ಗೊತ್ತು. ನೀಲಿ ಫೋಮನ್ನು ಕತ್ತರಿಸಿ ಒಂದೊಂದು ಕಟ್ಟಡಕ್ಕೂ ರಾಶಿ ರಾಶಿ ಮಾದರಿ ಮಾಡುತ್ತಾರೆ. ಆಮೇಲೆ ಚಿತ್ರಗಳು: ಮೊದಲು ಒಂದು ಚೌಕ, ಮುಂದಿನದರಲ್ಲಿ ಒಂದು ಮೂಲೆ ತಗ್ಗಿದೆ, ಮುಂದಿನದರಲ್ಲಿ ಬಿಸಿಲು ಬಂತು. ಐದಾರು ಚಿತ್ರದಲ್ಲಿ ಕಟ್ಟಡ ಹೇಗೆ ಆ ಆಕಾರಕ್ಕೆ ಬಂತು ಎಂದು ತರಕಾರಿ ಮಾರುವವರಿಗೂ ತಿಳಿಯುತ್ತದೆ. 2009ರಲ್ಲಿ ತಮ್ಮ ಕೆಲಸವನ್ನೆಲ್ಲ ಕಾಮಿಕ್ಸ್ ರೂಪದಲ್ಲಿ ಪುಸ್ತಕವನ್ನೇ ಮಾಡಿದರು. ನಾನು ಇಡೀ ಸೇವೆಯಲ್ಲಿ ಬರೆದ ನಕ್ಷೆಗಳನ್ನು ಆ ಕಟ್ಟಡದಲ್ಲಿ ಇರಬೇಕಾದ ನರ್ಸಮ್ಮನಿಗಾಗಲಿ, ಹಾಸ್ಟೆಲ್ ಮಕ್ಕಳಿಗಾಗಲಿ ಯಾರೂ ತೋರಿಸಿದ್ದು ನೋಡಲಿಲ್ಲ.

ಹೆಸರು ಬಂದರೂ ದುಡ್ಡಿನ ಲೆಕ್ಕ ಬೇರೆಯವರೇ ನೋಡಬೇಕಲ್ಲ. 2008ರಲ್ಲಿ ಶೀಲಾ ಮೈನಿ ಸೋಗಾರ್ಡ್ ಎಂಬ ಹೆಂಗಸು ಹಣಕಾಸು ನೋಡಿಕೊಳ್ಳಲು ಬಂದರು. ಬಂದ ಹೊತ್ತಿಗೇ ಜಗತ್ತಿನ ಆರ್ಥಿಕ ಕುಸಿತ. ಮುಂದೆ ಅವರೇ ಸಿಇಒ ಆದರು. ಕೈ ತುಂಬ ಬಹುಮಾನ ಇದ್ದ ಕಚೇರಿಯನ್ನು ಸಂಬಳ ಕೊಡಬಲ್ಲ ಕಚೇರಿಯಾಗಿ ನಿಲ್ಲಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಈಗ ಸಂಸ್ಥೆಯಲ್ಲಿ 700ರ ಆಸುಪಾಸು ಜನ. ಕೋಪನ್‌ಹೇಗನ್ ಅಲ್ಲದೆ ನ್ಯೂಯಾರ್ಕ್, ಲಂಡನ್, ಬಾರ್ಸಿಲೋನಾದಲ್ಲೂ ಕಚೇರಿ. ಅವರ ಸ್ವಂತ ಕಟ್ಟಡ ನಾರ್ಡ್‌ಹಾವ್ನ್ ಬಂದರಿನ ಕಟ್ಟೆಯ ತುದಿಯಲ್ಲಿದೆ. ಹೊರಗಿನಿಂದ ನೋಡಿ ಬಂದೆ, ಒಳಗೆ ಬಿಡಿ ಎಂದು ಕೇಳಲು ಸಂಕೋಚ ಆಯಿತು.

ದೊಡ್ಡದಾದ ಮೇಲೆ ಏನಾಯಿತು ಎನ್ನುವುದನ್ನೂ ಲೇಖನ ಮುಟ್ಟಿಲ್ಲ. ನ್ಯೂಯಾರ್ಕಿನಲ್ಲಿ 2016ರಲ್ಲಿ ಮುಗಿದ ಓರೆ ಪಿರಮಿಡ್ಡಿನಂಥ ಮನೆಗಳ ಕಟ್ಟಡ, ‘ಎಂಟರ ಮನೆ’ಯ ಅದೇ ತಗ್ಗಿದ ಮೂಲೆಯ ಯೋಚನೆಯಿಂದ ಬಂದಿದ್ದು, ಚೆನ್ನಾಗಿದೆ ಎನ್ನುತ್ತಾರೆ. ಅವಳಿ ಗೋಪುರ ಬಿದ್ದ ಜಾಗದಲ್ಲಿ ಏಳಬೇಕಿದ್ದ ಎರಡನೇ ಕಟ್ಟಡಕ್ಕೆ 2015ರಲ್ಲಿ ಇವರನ್ನು ಕರೆದರು, ಆಮೇಲೆ ಬಿಟ್ಟರು, ಕೆಲಸ ಮೊದಲಿನ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಕಡೆಗೇ ಹೋಯಿತು. 2020ರ ಜನವರಿಯಲ್ಲಿ ಇಂಗೆಲ್ಸ್ ಬ್ರೆಜಿಲ್ ಅಧ್ಯಕ್ಷ ಬೊಲ್ಸೊನಾರೊ ಅವರನ್ನು ಭೇಟಿ ಮಾಡಿದಾಗ, ಅಮೆಜಾನ್ ಕಾಡು ಸುಡುತ್ತಿರುವಾಗ ಇವರಿಗೇನು ಕೆಲಸ ಎಂದು ಅವರ ಕಸುಬಿನವರೇ ಬೈದರು. ಕೆಲಸ ಕೊಡುವವರನ್ನು ದೂರ ಇಟ್ಟರೆ ಅವರನ್ನು ತಿದ್ದಲು ಆಗುವುದಿಲ್ಲ ಎನ್ನುವಂಥ ಸಮಾಧಾನ ಇಂಗೆಲ್ಸ್ ಅವರದು. ನನಗೆ ಅದು ಪೂರ್ತಿ ಒಪ್ಪಿಗೆ ಆಗಲಿಲ್ಲ.

ನಮಗೆ ಹತ್ತಿರದ ಕೆಲಸ ಭೂತಾನಿನದು. ಅಸ್ಸಾಂ ಗಡಿಗೆ ಅಂಟಿಕೊಂಡ ಗೆಲೆಫು ಎಂಬಲ್ಲಿ ಸಾವಿರ ಚದರ ಕಿಲೋಮೀಟರಿಗೂ ದೊಡ್ಡ ಹೊಸ ನಗರ. 2023ರ ಡಿಸೆಂಬರಿನಲ್ಲಿ ಅಲ್ಲಿನ ರಾಜರು ಘೋಷಿಸಿದರು. ಹಳ್ಳ, ಹೊಳೆಗಳ ನಡುವೆ ಬಡಾವಣೆಗಳು, ಹೊಳೆ ದಾಟುವ ಸೇತುವೆಗಳ ಮೇಲೆಯೇ ಆಸ್ಪತ್ರೆ, ವಿಶ್ವವಿದ್ಯಾಲಯ, ಅಣೆಕಟ್ಟೆಯ ಗೋಡೆಗೆ ದೇವಾಲಯ. ಆನೆ ಓಡಾಡಲು ದಾರಿ ಬಿಡುತ್ತಾರಂತೆ. ಚಿತ್ರಗಳು ಕಣ್ಣು ತುಂಬುತ್ತವೆ. ಆದರೆ 80 ಮನೆಯ ‘ಬೆಟ್ಟ’ ಕಟ್ಟುವಾಗ ತಪ್ಪಾದರೆ 80 ಮನೆ ತಪ್ಪಾಗುತ್ತದೆ, ಅಷ್ಟೆ. ಕಾಗದದ ಮೇಲೆ ಒಂದೇ ಸಲಕ್ಕೆ ನಗರ ಬರೆದರೆ ತಿದ್ದಲು ಬ್ಲೇಡು ಸಾಲದು. ಓರೆಸ್ಟಾಡಿನಲ್ಲೇ ನೋಡಿ. ಒಂದೊಂದು ಕಟ್ಟಡವೂ ಜಾಣ, ಆದರೆ ನಡುವಿನ ರಸ್ತೆಗಳು ಅಗಲವಾಗಿ, ಬರೀ ಗಾಳಿ ಬೀಸುತ್ತಾ ಬಿದ್ದಿರುತ್ತವೆ. ಸಂಜೆ ಹೊತ್ತು ಮಾತಾಡಿಸಲು ಒಂದು ನರಪಿಳ್ಳೆ ಸಿಗುತ್ತಿರಲಿಲ್ಲ.

ಇದೇ ದೇಶದ ಇನ್ನೊಬ್ಬರ ಕಥೆ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಇಲಾಖೆಯವರೂ ಬರುತ್ತಾರೆ. ಯೋರ್ನ್ ಉಟ್ಸನ್ 1957ರಲ್ಲಿ ಸ್ಪರ್ಧೆ ಗೆದ್ದು ಸಿಡ್ನಿಯ ಒಪೆರಾ ಹೌಸ್ ಬರೆದರು. ಸರ್ಕಾರ ಬದಲಾಯಿತು. ಹೊಸದಾಗಿ ಬಂದ ಲೋಕೋಪಯೋಗಿ ಮಂತ್ರಿಗೂ ಇವರಿಗೂ ಖರ್ಚಿನ ವಿಷಯದಲ್ಲಿ ಜಗಳ. ಬಿಲ್ಲು ಪಾಸಾಗುವುದು ನಿಂತಿತು. (ಓದಿದಾಗ ನಗು ಬಂತು, ಎಲ್ಲಿ ಹೋದರೂ ಇದೇ!) 1966ರಲ್ಲಿ ಉಟ್ಸನ್ ಕೆಲಸ ಬಿಟ್ಟು ಊರಿಗೆ ಹೋದರು. ಕಟ್ಟಡ 1973ರಲ್ಲಿ ಬೇರೆಯವರ ಕೈಯಲ್ಲಿ ಮುಗಿಯಿತು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಮುಗಿದ ಕಟ್ಟಡ ನೋಡಲು ಮತ್ತೆ ಹೋಗಲಿಲ್ಲ. ಉಟ್ಸನ್ ಅವರಿಗೆ ಇಂಗೆಲ್ಸ್‌ಗಿಂತ ಪ್ರತಿಭೆ ಕಡಿಮೆ ಇತ್ತು ಎಂದು ಯಾರಾದರೂ ಹೇಳುತ್ತಾರಾ? ಒಬ್ಬರಿಗೆ ಕೇಳಿಸಿಕೊಳ್ಳುವ ಪಾಲಿಕೆ ಸಿಕ್ಕಿತು, ಇನ್ನೊಬ್ಬರಿಗೆ ಬಿಲ್ಲು ತಡೆಯುವ ಮಂತ್ರಿ ಸಿಕ್ಕರು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಮುಂದೆ ನಮ್ಮ ಊರುಗಳಲ್ಲಿ ಒಂದು ಬಸ್ ನಿಲ್ದಾಣ, ಒಂದು ಮಾರುಕಟ್ಟೆ ಉದ್ಘಾಟನೆಯ ಸುದ್ದಿ ಹಾಕುವಾಗ ರಿಬ್ಬನ್ ಕತ್ತರಿಸಿದವರ ಜೊತೆಗೆ ನಾಲ್ಕು ವಿಷಯ ಕೇಳಿ ಬರೆಯಿರಿ. ನಕ್ಷೆ ಬರೆದವರು ಯಾರು? ಅವರನ್ನು ಹೇಗೆ ಆರಿಸಿದರು? ಎಷ್ಟು ಜನರ ನಕ್ಷೆ ನೋಡಿದರು? ಅಲ್ಲಿ ಕೂತು ಸೊಪ್ಪು ಮಾರುವವರನ್ನು ಯಾವಾಗಲಾದರೂ ಕೇಳಿದರಾ? ನಾಲ್ಕು ಸಾಲು ಸಾಕು. ಯುವ ವಾಸ್ತುಶಿಲ್ಪಿಗಳನ್ನು ಹುಡುಕಿ ಸಂದರ್ಶನ ಮಾಡುವುದಕ್ಕಿಂತ ಇದರಿಂದ ಅವರಿಗೆ ಜಾಸ್ತಿ ಉಪಕಾರ.

ಇನ್ನೊಂದು ಸಣ್ಣ ವಿಷಯ. ‘ಎಂಟರ ಮನೆ’ಯ ನಕ್ಷೆಯನ್ನು ಮೂರನೇ ಕಾಲಂನಲ್ಲಿ ಹಾಕಿದ್ದಿರಲ್ಲ, ಅದರಲ್ಲಿ ಉತ್ತರ ದಿಕ್ಕಿನ ಬಾಣ ಇಲ್ಲ, ಸ್ಕೇಲೂ ಇಲ್ಲ. ಬಹುಶಃ ಪುಟ ಮಾಡುವಾಗ ಕತ್ತರಿಸಿದ್ದಾರೆ. ಬಾಣ ಇಲ್ಲದಿದ್ದರೆ ಯಾವ ಮೂಲೆ ಯಾಕೆ ತಗ್ಗಿದೆ ಎಂದು ಓದುಗರಿಗೆ ಹೇಗೆ ಗೊತ್ತಾಗಬೇಕು? ಇನ್ನು ಮುಂದೆ ದಯವಿಟ್ಟು ಬಾಣ ಉಳಿಸಿ.

ಇಂತಿ,
ನಿವೃತ್ತ ಡ್ರಾಫ್ಟ್ಸ್‌ಮನ್, ಲೋಕೋಪಯೋಗಿ ಇಲಾಖೆ
ದಾವಣಗೆರೆ